ಎತ್ತಿನ ಹಲ್ಲು, ಲ್ಯಾಪ್‌ಟಾಪಿನ ಅಂಕಿ

ನಮ್ಮಪ್ಪ ಎತ್ತು ಕೊಳ್ಳಲು ಹೋದಾಗ ಮೊದಲು ಬಣ್ಣ ನೋಡುತ್ತಿರಲಿಲ್ಲ, ಕೋಡೂ ನೋಡುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಅಂತ ತಿಳಿದ ಮೇಲೆಯೇ ಮುಂದಿನ ಮಾತು. ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ, ಅಂದರೆ ನಮ್ಮ ಕಡೆಯವರ ಬಾಯಲ್ಲಿ ಗಡ್ಡಾ ಜಾತ್ರೆಗೆ, ಸಂಕ್ರಮಣದ ಹೊತ್ತಿಗೆ ನನ್ನನ್ನೂ ಕರೆದೊಯ್ಯುತ್ತಿದ್ದ. ದನದ ಪೇಟೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು. ಮೇಲೆ ನಗು, ಒಳಗೆ ಲೆಕ್ಕ.

2025ರ ಜೂನ್ ತಿಂಗಳಲ್ಲಿ ಅದೇ ಸೊಲ್ಲಾಪುರಕ್ಕೆ ಹೋದೆ. ಈ ಸಲ ಕೊಳ್ಳಬೇಕಾದದ್ದು ಎತ್ತಲ್ಲ, ಲ್ಯಾಪ್‌ಟಾಪು. ಜೊತೆಗೆ ಅಪ್ಪ ಇರಲಿಲ್ಲ, ಮಗಳಿದ್ದಳು. ಅಂಗಡಿಯಲ್ಲಿ ಟವೆಲ್ಲೂ ಇರಲಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಬರೆದ ಅಂಕಿಗಳೇ ಟವೆಲ್ಲಿನ ಕೆಲಸ ಮಾಡುತ್ತವೆ ಅನ್ನುವುದು ಅವತ್ತು ಗೊತ್ತಾಯಿತು. ನಮ್ಮ ಅಕ್ಕಲಕೋಟ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಈಗ ಇದೇ ಖರೀದಿಯ ಮಾತು ನಡೆದಿದೆ. ಎಸ್ಸೆಸ್ಸೆಲ್ಸಿ ಓದಿದ ಒಬ್ಬ ಒಕ್ಕಲಿಗನಿಗೆ ತಿಳಿದಷ್ಟನ್ನು ಓದುಗ ಬಂಧುಗಳಿಗೆ ಹೇಳುತ್ತೇನೆ.

ಮೋಟಾರಿನ ದುಡ್ಡು

ಮಗಳು ಹತ್ತನೆಯ ತರಗತಿವರೆಗೆ ತಾಲ್ಲೂಕಿನಲ್ಲೇ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಹನ್ನೆರಡನೆಯದು ಮುಗಿಸಿ ಸೊಲ್ಲಾಪುರದ ಕಾಲೇಜಿನಲ್ಲಿ ಬಿ.ಸಿ.ಎ. ಸೇರಿದಳು. ಸುಮಾರು 40 ಕಿಲೋಮೀಟರ್ ದಾರಿ, ದಿನಾ ಎಸ್ಟಿ ಬಸ್ಸು. ಕಾಲೇಜಿನ ಲ್ಯಾಬಿನಲ್ಲಿ ಒಂದು ತಾಸು ಕೈಗೆ ಸಿಕ್ಕರೆ ಹೆಚ್ಚು. ಮನೆಗೆ ಬಂದು ಮೊಬೈಲಿನ ಗಾಜಿನ ಮೇಲೆ ಬೆರಳಿಟ್ಟು ಪ್ರೋಗ್ರಾಂ ಬರೆಯುವುದನ್ನು ಎರಡು ವಾರ ನೋಡಿದೆ. ನೇಗಿಲಿಲ್ಲದೆ ಕೈಯಿಂದ ಹೊಲ ಕೆದರಿದ ಹಾಗೆ ಇತ್ತು.

ಮನೆಯಲ್ಲಿ 45 ಸಾವಿರ ರೂಪಾಯಿ ಇತ್ತು. ತೊಗರಿ ಮಾರಿದ ದುಡ್ಡು, ಬಾವಿಯ ಮೋಟಾರು ಹೊಸದು ಹಾಕಿಸಲು ಎತ್ತಿಟ್ಟದ್ದು. ಹಳೆಯ ಮೋಟಾರು ಎರಡು ಸಲ ಸುಟ್ಟಿತ್ತು. ಮೂರನೆಯ ಸಲ ರಿವೈಂಡಿಂಗ್ ಮಾಡಿಸಿ ಇನ್ನೊಂದು ವರ್ಷ ನೂಕಬೇಕು, ಇಲ್ಲವೇ ಮಗಳು ಮೊಬೈಲಿನಲ್ಲೇ ಕಣ್ಣು ಕಳಕೊಳ್ಳಬೇಕು. ನನ್ನ ಹೆಂಡತಿಯೇ ತೀರ್ಮಾನ ಮಾಡಿದಳು: "ಮೋಟಾರ ಸುಟ್ರ ಮತ್ತ ಸುತ್ತಿಸಬಹುದು. ಓದೂ ವಯಸ್ಸು ಸುತ್ತಿಸಾಕ ಬರ್ತದೇನು?"

ಭಯ ಇನ್ನೊಂದಿತ್ತು. ಎರಡು ವರ್ಷದ ಹಿಂದೆ ಮಗನಿಗಾಗಿ 14 ಸಾವಿರ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದಿದ್ದೆ. ಮೇಲೆ ಎಣ್ಣೆ ಹಚ್ಚಿದ ಕೋಡಿನಂತೆ ಫಳಫಳ ಅಂತಿತ್ತು. 4 ಜಿಬಿ ಮೆಮೊರಿ, ತಿರುಗುವ ಹಳೆಯ ಹಾರ್ಡ್ ಡಿಸ್ಕು. ಬೆಳಿಗ್ಗೆ ಗುಂಡಿ ಒತ್ತಿ ಹಾಲು ಹಿಂಡಿ ಬಂದರೂ ಪೂರ್ತಿ ತೆರೆದಿರುತ್ತಿರಲಿಲ್ಲ. ಎಂಟು ತಿಂಗಳಿಗೆ ಬ್ಯಾಟರಿ ಊದಿಕೊಂಡು ಕೀಬೋರ್ಡನ್ನೇ ಮೇಲಕ್ಕೆತ್ತಿತು. ಕೇಳಲು ಹೋದರೆ ಅಂಗಡಿಯ ಜಾಗದಲ್ಲಿ ಚಪ್ಪಲಿ ಮಾರುತ್ತಿದ್ದರು. ತಪ್ಪು ಅಂಗಡಿಯವನದು ಅರ್ಧ, ಹಲ್ಲು ನೋಡದೆ ಕೊಂಡ ನನ್ನದು ಅರ್ಧ.

ಎಲ್ಲ ಹಳೆಯ ಯಂತ್ರವೂ ಕೆಟ್ಟದ್ದಲ್ಲ. ಆದರೆ ಈಗ ಕೊಳ್ಳುವವರು ಒಂದು ಮಾತು ನೆನಪಿಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಿಯಮದ ಪ್ರಕಾರ ಕೂಡಬೇಕಾದರೆ ಇಂಟೆಲ್ ಪ್ರೊಸೆಸರ್ 8ನೇ ಪೀಳಿಗೆಯದೋ ಅದಕ್ಕೂ ಹೊಸದೋ ಆಗಿರಬೇಕು. ಅದಕ್ಕಿಂತ ಹಳೆಯದನ್ನು "ಮಸ್ತ್ ಅದ" ಅಂತ ಮಾರುವವರಿದ್ದಾರೆ. ಅದು ಬಾಯಿಗೂಡಿ ಹಲ್ಲು ಸವೆದ ಎತ್ತು ಅಂತ ತಿಳಿಯಿರಿ.

ಎತ್ತು, ಕಣ, ಹಗೇವು

ಬಸ್ಸಿನಲ್ಲಿ ಮಗಳು ನನಗೆ ಪಾಠ ಹೇಳುತ್ತ ಬಂದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಹೊಲದ ಮಾತಿಗೆ ತಿರುಗಿಸಿಕೊಂಡೆ.

ಪ್ರೊಸೆಸರ್ ಅಂದರೆ ಎತ್ತು. ಎಳೆಯುವ ಕೆಲಸ ಅದರದು. ರ‍್ಯಾಮ್ ಅಂದರೆ ಕಣ. ಸದ್ಯ ನಡೆದಿರುವ ರಾಶಿ ಹರಡುವ ಜಾಗ. ಕಣ ಸಣ್ಣದಿದ್ದರೆ ಎತ್ತು ಎಷ್ಟು ಗಟ್ಟಿಯಿದ್ದರೂ ನಿಂತು ಕಾಯಬೇಕು. ಎಸ್‌ಎಸ್‌ಡಿ ಅಂದರೆ ಹಗೇವು. ಕಾಳು ತುಂಬಿ ಮುಚ್ಚಿಡುವ ಜಾಗ. ಯಂತ್ರ ಬಂದಾದರೂ ಅಲ್ಲಿಟ್ಟದ್ದು ಉಳಿಯುತ್ತದೆ. ಬ್ಯಾಟರಿ ಅಂದರೆ ಮೇವು.

"ಹಂಗಾದ್ರ ಯಾವುದಕ್ಕ ರೊಕ್ಕ ಹಾಕಬೇಕು?" ಅಂತ ಕೇಳಿದೆ.

"ಆಮೇಲೆ ಬದಲ ಮಾಡಾಕ ಬರದ್ದಕ್ಕ ಮೊದಲು ಹಾಕಬೇಕಪ್ಪ," ಅಂದಳು.

ಈ ಒಂದು ಮಾತು ಇಡೀ ಖರೀದಿಯ ಬೀಗದ ಕೈ. ಪ್ರೊಸೆಸರನ್ನು ಆಮೇಲೆ ಬದಲಿಸಲಾಗದು. ಪರದೆ ಬದಲಿಸಬಹುದು, ಆದರೆ ಕಿಸೆ ಹರಿಯುತ್ತದೆ. ತೂಕ ಇಳಿಸಲಾಗದು. ಎಸ್‌ಎಸ್‌ಡಿಯನ್ನು ಸಾಮಾನ್ಯವಾಗಿ ಬದಲಿಸಬಹುದು. ರ‍್ಯಾಮ್ ಮಾತ್ರ ಯಂತ್ರದಿಂದ ಯಂತ್ರಕ್ಕೆ ಬೇರೆ. ಕೆಲವದರಲ್ಲಿ ಒಳಗಿನ ಹಲಗೆಗೇ ಬೆಸುಗೆ ಹಾಕಿರುತ್ತಾರೆ, ಹೆಚ್ಚಿಸಲು ಬರುವುದಿಲ್ಲ. ಕೆಲವದರಲ್ಲಿ ಒಂದು ಖಾಲಿ ಗೂಡು ಬಿಟ್ಟಿರುತ್ತಾರೆ. ಹೊರಗಿನಿಂದ ಎರಡೂ ಒಂದೇ ಥರ. ಕೇಳಿದವನಿಗೆ ಮಾತ್ರ ಗೊತ್ತು.

ಮೂರನೆಯ ಅಂಕಿ

ಮೊದಲ ಅಂಗಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಹುಡುಗ ಮರಾಠಿಯಲ್ಲಿ "ಕಾಕಾ, ಹಾ ಘ್ಯಾ" ಅನ್ನುತ್ತ ತೆಳ್ಳಗಿನ ಬೆಳ್ಳಿ ಬಣ್ಣದ್ದೊಂದನ್ನು ಕೈಗಿಟ್ಟ. 39 ಸಾವಿರ. ಒಳಗೆ ರೈಜನ್ 5, 7520ಯು. 8 ಜಿಬಿ, 512 ಜಿಬಿ ಎಸ್‌ಎಸ್‌ಡಿ. ಕೈಯಲ್ಲಿ ಹಗುರ, ಕಣ್ಣಿಗೆ ಚಂದ, ಮೇಲೆ 6 ಸಾವಿರ ಉಳಿಯುತ್ತದೆ. ನನ್ನ ಮನಸ್ಸು ಅಲ್ಲೇ ಮುಗಿದಿತ್ತು.

ಮಗಳು ಮಾತ್ರ ಅಂಕಿಯ ಮೇಲೆ ಬೆರಳಿಟ್ಟಳು. ಎ.ಎಂ.ಡಿ. ಕಂಪನಿಯ ಈ 7000ದ ಸಾಲಿನ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಮೊದಲ ಅಂಕಿ ಮಾರಾಟಕ್ಕೆ ಬಂದ ವರ್ಷದ ಸಾಲು ಹೇಳುತ್ತದೆ. ನಿಜವಾದ ವಯಸ್ಸು ಇರುವುದು ಮೂರನೆಯ ಅಂಕಿಯಲ್ಲಿ. 7520ರಲ್ಲಿ ಮೂರನೆಯದು 2. ಅಂದರೆ 2019ರಲ್ಲಿ ಬಂದ ಝೆನ್ 2 ಎಂಬ ಕಟ್ಟಡ, ಒಳಗೆ ನಾಲ್ಕು ಕೋರು. ಅದೇ 7530ಯು ಅಂತಿದ್ದರೆ ಮೂರನೆಯದು 3. 2020ರ ಝೆನ್ 3, ಆರು ಕೋರು. ಹೆಸರಿನಲ್ಲಿ ಹತ್ತೇ ಅಂಕಿಯ ಅಂತರ, ಹೊಲದಲ್ಲಿ ನಾಲ್ಕೆತ್ತಿಗೂ ಆರೆತ್ತಿಗೂ ಇರುವ ಅಂತರ. ಎರಡಕ್ಕೂ "ರೈಜನ್ 5" ಅಂತಲೇ ಚೀಟಿ.

ಇಂಟೆಲ್ಲಿನದೂ ಸುಲಭವಿಲ್ಲ. 2023ರ ಕೊನೆಯಿಂದ ಅವರು ಹೊಸ ಮಾದರಿಗಳ ಹೆಸರಿನಲ್ಲಿ "ಐ" ಅಕ್ಷರ ಬಿಟ್ಟು ಕೋರ್ 3, ಕೋರ್ 5, ಕೋರ್ ಅಲ್ಟ್ರಾ ಅಂತ ಕರೆಯತೊಡಗಿದರು. ಹಳೆಯ ಐ3, ಐ5 ಕೂಡ ಅಂಗಡಿಯಲ್ಲಿ ಪಕ್ಕದಲ್ಲೇ ಕುಳಿತಿರುತ್ತವೆ. ಕೊನೆಯ ಅಕ್ಷರ ನೋಡಬೇಕು. ಯು ಅಂದರೆ ಕಡಿಮೆ ಮೇವು ತಿನ್ನುವುದು, ಎಚ್ ಅಂದರೆ ಹೆಚ್ಚು ಎಳೆಯುವುದು, ಹೆಚ್ಚು ತಿನ್ನುವುದು. ದಿನಾ ಬಸ್ಸಿನಲ್ಲಿ ಓಡಾಡುವವರಿಗೆ, ಕರೆಂಟು ಕೈಕೊಡುವ ಊರವರಿಗೆ ಯು ಸಾಕು.

ಅದರ 8 ಜಿಬಿ ರ‍್ಯಾಮ್ ಹಲಗೆಗೆ ಬೆಸೆದದ್ದೋ ಅಂತ ಮಗಳು ಕೇಳಿದಳು. ಹುಡುಗ ಒಳಗೆ ಹೋಗಿ ಬಂದು "ಹೌದು" ಅಂದ. ಬೆಳ್ಳಿ ಬಣ್ಣದ ಚೆಲುವೆಯನ್ನು ಮೇಜಿನ ಮೇಲೆ ವಾಪಸ್ಸಿಟ್ಟೆವು.

ಕಂತು ತಿಂಗಳಿಗೊಮ್ಮೆ, ಸುಗ್ಗಿ ವರ್ಷಕ್ಕೊಮ್ಮೆ

ಆಗ ಹುಡುಗ ದಾಳ ಬದಲಿಸಿದ. ಕೆಂಪು ದೀಪ ಹೊತ್ತಿದ ಕೀಬೋರ್ಡಿನ, ಆಟ ಆಡುವವರ ಲ್ಯಾಪ್‌ಟಾಪ್ ತಂದ. 62 ಸಾವಿರ. "ಈಗ ಬರೇ 5 ಸಾವಿರ ಕಟ್ಟಿರಿ, ಉಳಿದದ್ದು ಕಂತು, ಬಡ್ಡಿ ಇಲ್ಲ." ಎತ್ತಿ ನೋಡಿದೆ. ಚಾರ್ಜರ್ ಸೇರಿ ಮೂರು ಕಿಲೋದ ಹತ್ತಿರ. ಹೆಗಲಿಗೆ ಹಾಕಿಕೊಂಡು 40 ಕಿಲೋಮೀಟರ್ ನಿಂತು ಬರುವವಳು ಯಾರು?

ಕಂತಿನ ಮಾತು ರೈತನಿಗೆ ಬಲು ರುಚಿ, ಆದರೆ ಲೆಕ್ಕ ತಪ್ಪುವುದು ಅಲ್ಲೇ. ಪಗಾರದವನಿಗೆ ದುಡ್ಡು ತಿಂಗಳಿಗೊಮ್ಮೆ ಬರುತ್ತದೆ, ಕಂತೂ ತಿಂಗಳಿಗೊಮ್ಮೆ ಹೋಗುತ್ತದೆ. ನಮಗೆ ಕಂತು ತಿಂಗಳಿಗೊಮ್ಮೆ, ಸುಗ್ಗಿ ವರ್ಷಕ್ಕೊಮ್ಮೆ. ಒಂದು ಕಂತು ತಪ್ಪಿದರೆ ದಂಡ. ಬಡ್ಡಿ ಇಲ್ಲವೆಂದ ಸಾಲದಲ್ಲೂ ಪ್ರೊಸೆಸಿಂಗ್ ಶುಲ್ಕ ಅಂತ ಒಂದು ಬಾಲ ಇರುತ್ತದೆ. ಕೈಯಲ್ಲಿದ್ದಷ್ಟಕ್ಕೇ ಕೊಳ್ಳುವುದು ಅಂತ ಮನೆಯಿಂದಲೇ ನಿಶ್ಚಯ ಮಾಡಿ ಹೊರಟಿದ್ದೆವು. ಅಂಗಡಿಯೊಳಗೆ ಹೋಗಿ ನಿಶ್ಚಯ ಮಾಡುವವರು ನಿಶ್ಚಯ ಮಾಡಲಾರರು.

ಮೂರು ಲಿಪಿಯ ಪರೀಕ್ಷೆ

ಎರಡನೆಯ ಅಂಗಡಿ ಸಣ್ಣದು. ಕೂತಿದ್ದ ಹುಡುಗ ಫೋನಿನಲ್ಲಿ ತೆಲುಗು ಮಾತಾಡುತ್ತಿದ್ದ. ನಾನೂ ತೆಲುಗಿನಲ್ಲೇ ಕೇಳಿದೆ: "ಏಂ ಬಾಬು, ನಲವೈ ಐದು ವೇಲಲೋ ಏದಿ ಮಂಚಿದಿ?" ಹುಡುಗ ಎದ್ದು ನಿಂತ. ನನ್ನ ಅವ್ವನ ತವರು ಸೊಲ್ಲಾಪುರದ ಪೂರ್ವಭಾಗ, ತೆಲುಗು ನೇಕಾರರ ಓಣಿ. ಅಪ್ಪ ಕನ್ನಡ, ಅವ್ವ ತೆಲುಗು, ಪೇಟೆ ಮರಾಠಿ. ನನ್ನ ಕವಿತೆಗಳೂ ಹಾಗೇ ಎರಡು ಮನೆಯಲ್ಲಿ ಹುಟ್ಟಿದವು.

ಆ ಹುಡುಗನ ಅಜ್ಜನೂ ಚಾದರ ನೇಯುತ್ತಿದ್ದನಂತೆ. ಚಿಕ್ಕವನಿದ್ದಾಗ ಸೋದರಮಾವನ ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಸರ ಇಳಿಬಿದ್ದಿರುವುದನ್ನು ನೋಡಿದ್ದೆ. ತೂತಿದ್ದಲ್ಲಿ ಒಂದು ಎಳೆ ಏಳುತ್ತದೆ, ತೂತಿಲ್ಲದಲ್ಲಿ ಏಳುವುದಿಲ್ಲ. ಹೂವು, ನವಿಲು ಎಲ್ಲ ಹಾಗೇ ಬಟ್ಟೆಯ ಮೇಲೆ ಬರುತ್ತಿದ್ದವು. ಅದು ಫ್ರಾನ್ಸಿನ ಜಾಕಾರ್ಡ್ 1804ರಲ್ಲಿ ಮಾಡಿದ ಮಗ್ಗದ ವಿದ್ಯೆ. ಆ ರಟ್ಟನ್ನೇ ನೋಡಿ ಇಂಗ್ಲೆಂಡಿನ ಬ್ಯಾಬೇಜ್ 1830ರ ದಶಕದಲ್ಲಿ ಲೆಕ್ಕ ಮಾಡುವ ಯಂತ್ರದ ಕಲ್ಪನೆ ಕಟ್ಟಿದ. ಕಂಪ್ಯೂಟರಿನ ಹಿರಿಯರು ಮಗ್ಗದ ಮನೆಯವರು ಅಂತ ಹೇಳಿದಾಗ ಹುಡುಗ ನಕ್ಕ. ಆಮೇಲೆ ಅವನು ಮಾರುವವನಂತೆ ಮಾತಾಡಲಿಲ್ಲ, ಮನೆಯವನಂತೆ ಮಾತಾಡಿದ.

ಅವನು ತೋರಿಸಿದ್ದು ರೈಜನ್ 5, 7530ಯು. 8 ಜಿಬಿ ಹಲಗೆಗೆ ಬೆಸೆದದ್ದು, ಪಕ್ಕದಲ್ಲಿ ಒಂದು ಖಾಲಿ ಗೂಡು. 512 ಜಿಬಿ ಎಸ್‌ಎಸ್‌ಡಿ. 1.7 ಕಿಲೋ ತೂಕ. ಬಣ್ಣ ಕಪ್ಪು, ನೋಡಲು ಎಮ್ಮೆಯ ಹಾಗೆ. ಬೆಲೆ 47,500.

ಮಗಳು ಪರೀಕ್ಷೆಗೆ ಕೂತಳು. ಪರದೆಯನ್ನು ಪಕ್ಕದಿಂದ, ಮೇಲಿನಿಂದ ನೋಡಿದಳು. ಬಣ್ಣ ಮಾಸಿದರೆ ಅಗ್ಗದ ಪರದೆ, ಮಾಸದಿದ್ದರೆ ಐಪಿಎಸ್. ಇದು ಮಾಸಲಿಲ್ಲ. ಬೆಳಕು ಮಾತ್ರ 250 ನಿಟ್ಸ್. ಮನೆಯೊಳಗೆ ಸಾಕು, ಬೇವಿನ ಗಿಡದ ಕೆಳಗೆ ಕೂತರೆ ಕಷ್ಟ. ಬ್ಯಾಟರಿಯ ಚೀಟಿಯಲ್ಲಿ "10 ತಾಸು" ಅಂತಿತ್ತು. ಅದನ್ನು ನಂಬದೆ ವ್ಯಾಟ್-ಅವರ್ ಕೇಳಿದಳು. 42 ಅಂದ. ಬರೆಯುವ, ಓದುವ ಕೆಲಸಕ್ಕೆ ಯಂತ್ರ 8 ವ್ಯಾಟ್ ಎಳೆದರೆ 42ನ್ನು 8ರಿಂದ ಭಾಗಿಸಿ, ಐದು ತಾಸು. ಸಂಜೆ ಕರೆಂಟು ಹೋಗಿ ಬರುವವರೆಗೆ ಸಾಕಾಯಿತು.

ನಾನು ಒಂದೇ ಪರೀಕ್ಷೆ ಕೇಳಿದೆ: "ಇದರಾಗ ಕನ್ನಡ ಬರ್ತದೇನು?" ಮೊದಲ ಅಂಗಡಿಯಲ್ಲಿ ಇದೇ ಪ್ರಶ್ನೆಗೆ, ಕನ್ನಡದ ಸಾಫ್ಟ್‌ವೇರು ಬೇರೆ, 1,500 ರೂಪಾಯಿ ಆಗುತ್ತದೆ ಅಂದಿದ್ದರು. ಓದುಗರೇ, ಇದು ಗಟ್ಟಿಯಾಗಿ ತಿಳಿದಿರಲಿ: ವಿಂಡೋಸಿನಲ್ಲಿ ಕನ್ನಡ, ತೆಲುಗು, ಮರಾಠಿ ಕೀಲಿಮಣೆ ಪುಕ್ಕಟೆಯಾಗಿಯೇ ಇದೆ. ಸೆಟ್ಟಿಂಗಿಗೆ ಹೋಗಿ ಭಾಷೆ ಸೇರಿಸಿದರೆ ಮುಗಿಯಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶಕ್ಕೂ ದುಡ್ಡು ಕೊಡಬೇಕಿಲ್ಲ.

ಹುಡುಗ ಮೂರೂ ಭಾಷೆ ಸೇರಿಸಿದ. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯಲ್ಲಿ ಒಂದು ಧ್ವನಿಗೆ ಒಂದೇ ಕೀಲಿ. ಕನ್ನಡದ ಕ ಒತ್ತುವ ಬೆರಳೇ ತೆಲುಗಿನ ಕ, ಮರಾಠಿಯ ಕ ಒತ್ತುತ್ತದೆ. ಮಗಳು ಇನ್ನೊಂದು ಹೇಳಿದಳು. ಯುನಿಕೋಡ್ ಎಂಬ ಜಗತ್ತಿನ ಅಕ್ಷರಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಮನೆ ಸಂಖ್ಯೆ ಇದೆ. ತೆಲುಗಿನ ಕ 3093, ಕನ್ನಡದ ಕ 3221. ನಡುವೆ 128. ತೆಲುಗಿಗೆ 128 ಮನೆ, ಅದು ಮುಗಿದ ಮರುಮನೆಯಿಂದಲೇ ಕನ್ನಡದ 128 ಮನೆ. ಅಪ್ಪನ ಓಣಿಯೂ ಅವ್ವನ ಓಣಿಯೂ ಗೋಡೆಗೆ ಗೋಡೆ ಹಚ್ಚಿ ನಿಂತಿವೆ. ಅಂಗಡಿಯಲ್ಲಿ ನಿಂತವನಿಗೆ ಒಂದು ಗಳಿಗೆ ಮಾತು ಹೊರಡಲಿಲ್ಲ.

ನನಗೆ ಇದರ ಬೆಲೆ ಗೊತ್ತು. ಹಿಂದೆ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ನನ್ನ ಕವಿತೆಗಳ ಫೈಲು ಹಳೆಯ ಫಾಂಟಿನದು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅಕ್ಷರ ಹೋಗಿ ಕಸ ಕಾಣುತ್ತದೆ. ಅಂಥದ್ದನ್ನು ಯುನಿಕೋಡಿಗೆ ತಿರುಗಿಸುವ ಉಪಾಯವೂ ಈಗ ಇದೆ. ಹೊಸದಾಗಿ ಬರೆಯುವವರು ಮೊದಲಿನಿಂದಲೇ ಯುನಿಕೋಡಿನಲ್ಲಿ ಬರೆದರೆ ಆ ಗೋಳು ಇಲ್ಲ.

ಚೌಕಾಶಿ ಮಾಡಿ ಬೆಲೆ ಇಳಿಸಿ ಒಪ್ಪಿಸಿದೆ. ಜೊತೆಗೆ ಚೀಲ, ಮೌಸ್ 1,100. ವಿಂಡೋಸ್ ಕಂಪನಿಯಿಂದಲೇ ಬಂದದ್ದೋ ನೋಡಿಕೊಂಡೆವು. ವಿಂಡೋಸ್ ಇಲ್ಲದ ಅಗ್ಗದ ಯಂತ್ರ ತಂದು ಕಳ್ಳ ಪ್ರತಿ ಹಾಕಿಕೊಡುವುದೂ ನಡೆಯುತ್ತದೆ. ಸೀರಿಯಲ್ ನಂಬರ್ ಇರುವ, 18 ಪ್ರತಿಶತ ಜಿಎಸ್‌ಟಿ ಕಾಣಿಸಿದ ಪಕ್ಕಾ ಬಿಲ್ಲು ಪಡೆದೆವು. ರಿಪೇರಿ ಸೊಲ್ಲಾಪುರದಲ್ಲೇ ಆಗುತ್ತದೋ, ಪುಣೆಗೆ ಕಳಿಸಬೇಕೋ ಅಂತಲೂ ಕೇಳಿದೆವು. ಇವನ್ನು ಕೇಳಲು ನಾಚಬಾರದು. ಎತ್ತಿನ ಬಾಯಿ ಬಿಡಿಸಲು ಅಪ್ಪ ಎಂದೂ ನಾಚಲಿಲ್ಲ.

ಆಮೇಲೆ ಹಾಕಿಸಿದರಾಯಿತು

ಬರುವಾಗ ಹುಡುಗ ಒಂದು ಮಾತು ಹೇಳಿದ್ದ. "ಖಾಲಿ ಗೂಡಿಗೆ ಇನ್ನೊಂದು 8 ಜಿಬಿ ಈಗಲೇ ಹಾಕಿಸಿಬಿಡ್ರಿ. 1,900 ಆಗ್ತದ. ಎರಡಿದ್ರ ಜೋಡೆತ್ತಿನಂಗ ಕೂಡಿ ಎಳಿತಾವ." ಕೈಯಲ್ಲಿ ಬಸ್ ಚಾರ್ಜು ಬಿಟ್ಟರೆ ಉಳಿದಿರಲಿಲ್ಲ. "ಸಂಕ್ರಮಣಕ್ಕ ಜಾತ್ರಿಗೆ ಬರ್ತೀವಲ್ಲ, ಆಮೇಲೆ ಹಾಕಿಸಿದರಾಯ್ತು," ಅಂದೆ.

ಆ ವರ್ಷದ ಸೆಪ್ಟೆಂಬರ್ ತಿಂಗಳನ್ನು ಸೊಲ್ಲಾಪುರ ಜಿಲ್ಲೆ ಮರೆಯಲಾರದು. ಸೀನಾ ನದಿ ಉಕ್ಕಿ ಊರೂರಿಗೆ ನುಗ್ಗಿತು. ನಮ್ಮ ಹೊಲ ನದಿಯಿಂದ ದೂರ, ಆದರೂ ಮಳೆಗೆ ತೊಗರಿಯ ಬುಡದಲ್ಲಿ ನೀರು ನಿಂತು ಅರ್ಧ ಬೆಳೆ ಸಿಡಿಯಿತು. ಅದೇ ಹೊತ್ತಿಗೆ ಜಗತ್ತಿನ ಇನ್ನೊಂದು ಪೇಟೆಯಲ್ಲಿ ಬೇರೆಯದೇ ಮಳೆ ಸುರಿಯುತ್ತಿತ್ತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಗಣಕ ಕೇಂದ್ರಗಳಿಗೆ ಮೆಮೊರಿ ಚಿಪ್ಪು ಬೇಕು ಅಂತ ಕಂಪನಿಗಳು ಅತ್ತ ತಿರುಗಿದವು. ಹಳೆಯ ಮಾದರಿಯ ಚಿಪ್ಪು ಮಾಡುವುದನ್ನು ಕಡಿಮೆ ಮಾಡಿದವು. 2025ರ ಕೊನೆಗೆ ಬೆಲೆ ಎಲ್ಲ ಕಡೆ ಏರಿತು.

2026ರ ಜನವರಿಯಲ್ಲಿ ಜಾತ್ರೆಗೆ ಹೋದಾಗ ಅದೇ ಅಂಗಡಿಗೆ ಹೋದೆವು. ಅದೇ 8 ಜಿಬಿಗೆ ಹುಡುಗ ತಲೆ ಕೆರೆದುಕೊಳ್ಳುತ್ತ 5,400 ಅಂದ. ಈರುಳ್ಳಿಯ ದರ ಏರಿಳಿಯುವುದನ್ನು ಸೊಲ್ಲಾಪುರದ ಮಾರುಕಟ್ಟೆಯಲ್ಲಿ ಜೀವನವಿಡೀ ಕಂಡವನು ನಾನು. ಕಂಪ್ಯೂಟರಿನ ಒಳಗೂ ಒಂದು ಈರುಳ್ಳಿ ಇದೆ ಅಂತ ಗೊತ್ತಿರಲಿಲ್ಲ. ಚೀಲ, ಮೌಸಿಗೆ ಕೊಟ್ಟ 1,100ಕ್ಕೆ ಇನ್ನು 800 ಸೇರಿಸಿದ್ದರೆ ಅವತ್ತೇ ಆಗುತ್ತಿತ್ತು. ಹಳೆಯ ಜೋಳಿಗೆಯಲ್ಲೇ ಹಾಕಿಕೊಂಡು ಬರಬಹುದಿತ್ತು.

ಆದ್ದರಿಂದ ಮಗಳ ಮಾತಿಗೆ ನನ್ನದೊಂದು ಬಾಲ ಸೇರಿಸುತ್ತೇನೆ. ಬದಲಿಸಲಾಗದ್ದಕ್ಕೆ ಮೊದಲು ದುಡ್ಡು ಹಾಕಿರಿ, ಸರಿ. ಆದರೆ "ಆಮೇಲೆ ಹಾಕಿಸಬಹುದು" ಅಂದರೆ "ಇದೇ ಬೆಲೆಗೆ ಹಾಕಿಸಬಹುದು" ಅಂತಲ್ಲ. ಚೀಲ ಬಿಡಿ, ಮೌಸ್ ಬಿಡಿ, ಬಣ್ಣ ಬಿಡಿ, ಕಣ ಮಾತ್ರ ಅವತ್ತೇ ದೊಡ್ಡದು ಮಾಡಿಸಿಕೊಳ್ಳಿರಿ.

ಅಂಗಡಿಯಿಂದ ಹೊರಬಂದು ಜಾತ್ರೆಯ ಗದ್ದಲದಲ್ಲಿ ನಾನು ಸುಮ್ಮನೆ ನಡೆಯುತ್ತಿದ್ದೆ. ಮೋಟಾರಿಗೂ ಇಲ್ಲ, ಮೆಮೊರಿಗೂ ಇಲ್ಲ ಅನ್ನುವ ಸಂಕಟ. ಮಗಳು ನನ್ನ ತೋಳು ಹಿಡಿದಳು.

"ಯಾಕಪ್ಪ ಬಾಯಿ ಮುಚ್ಚಿದಿ? ಕಣ ಸಣ್ಣದಿದ್ರ ರಾಶಿ ಎರಡು ಸಲ ಮಾಡೂದು. ಬೇಕಾದ್ದೊಂದೇ ತೆಗೀತೀನಿ, ಬ್ಯಾಡಾದ್ದು ಮುಚ್ಚತೀನಿ. ನಡೀತದ."

ನಡೆದಿದೆ. ರಾತ್ರಿ ಹತ್ತಕ್ಕೆ ಅವಳ ಪಾಠ ಮುಗಿದ ಮೇಲೆ ಎಮ್ಮೆ ಬಣ್ಣದ ಯಂತ್ರ ನನ್ನ ಕೈಗೆ ಬರುತ್ತದೆ. ಒಂದೊಂದೇ ಬೆರಳಿನಿಂದ ಹಳೆಯ ವಹಿಯ ಕವಿತೆಗಳನ್ನು ಒತ್ತುತ್ತೇನೆ, ಒಂದು ರಾತ್ರಿ ಕನ್ನಡದವು, ಒಂದು ರಾತ್ರಿ ತೆಲುಗಿನವು. ಬಾವಿಯ ಮೇಲೆ ಸುತ್ತಿಸಿದ ಮೋಟಾರು ಇನ್ನೂ ಓಡುತ್ತಿದೆ.